ನಮ್ಮ ಮೋಟಾರ್ ಎಲ್ಲಿಗೆ ಬಂತು?

“ನಾರಾಯಣಖೇಡದ ಅಂಗಡಿ ಮುಚ್ಚಿಬಿಡ್ಬೇಕಂತ ಮಾಡೀನಿ ತಂಗೀ,” ಎಂದರು ನಮ್ಮ ಸಾವ್ಕಾರ್ರು.

ಜಹೀರಾಬಾದಿನ ವರ್ಕ್‌ಶಾಪಿನಲ್ಲಿ ನಿಂತಿದ್ದೆವು. ಎದುರಿಗೆ ಕೆಲಸಗಾರರು ಸುಟ್ಟ ಮೋಟಾರೊಂದರ ಹೊಟ್ಟೆ ಬಗೆದು ಕಪ್ಪಾದ ತಂತಿಯನ್ನು ಹೊರಗೆಳೆಯುತ್ತಿದ್ದರು. ಆ ವಾಸನೆ ನನಗೆ ಈಗ ಅಡುಗೆಮನೆಯ ಒಗ್ಗರಣೆಯಷ್ಟೇ ಪರಿಚಿತ. ನಮ್ಮದು ಬೋರ್‌ವೆಲ್ ಮೋಟಾರ್ ಮಾರುವ, ಸುಟ್ಟರೆ ರಿಪೇರಿ ಮಾಡಿಕೊಡುವ ವ್ಯವಹಾರ. ಅಂಗಡಿ ಮೂರು: ಜಹೀರಾಬಾದ್, ನಾರಾಯಣಖೇಡ, ತಾಂಡೂರು. ತಂತಿ ಸುತ್ತುವ ವರ್ಕ್‌ಶಾಪ್ ಮಾತ್ರ ಜಹೀರಾಬಾದಿನಲ್ಲಿ ಒಂದೇ. ಉಳಿದೆರಡು ಊರಿನವರು ಸುಟ್ಟ ಮೋಟಾರ್ ತಂದು ತಮ್ಮೂರ ಅಂಗಡಿಗೆ ಕೊಡುತ್ತಾರೆ. ನಮ್ಮ ಗಾಡಿ ಅದನ್ನು ಇಲ್ಲಿಗೆ ತಂದು, ರಿಪೇರಿಯಾದ ಮೇಲೆ ಮತ್ತೆ ಅಲ್ಲಿಗೆ ಮುಟ್ಟಿಸುತ್ತದೆ. ಮೂರೂ ಅಂಗಡಿಯ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರ್ ನಾನು.

“ಯಾಕ್ರಿ? ಅಲ್ಲಿ ಗಿರಾಕಿ ಇಲ್ಲಂತಲ್ಲಲ್ರಿ,” ಎಂದೆ.

“ಗಿರಾಕಿ ಅದಾರ. ಆದ್ರ ಎದುರಿನ ಅಂಗಡಿಗಿ ಹೋಗಾಕತ್ತಾರ. ನಮ್ಮ ಕಡಿ ಮೋಟಾರ್ ಕೊಟ್ರ ಯಾವಾಗ ಬರ್ತದ ಅಂತ ಯಾರಿಗೂ ಗೊತ್ತಿರಂಗಿಲ್ಲ. ಹೈದರಾಬಾದಿನವ್ರು ಒಂದು ಸಾಫ್ಟ್‌ವೇರ್ ತೋರ್ಸಿ ಹೋಗ್ಯಾರ. ಹಾಕಿ ನೋಡಮು. ಈ ಬ್ಯಾಸಿಗಿ ದಾಟಿದ್ರ ನಡಸೂಣ, ಇಲ್ಲಾಂದ್ರ ಶಟರ್ ಎಳಿಯೂಣ. ಕೆಲಸ ನಿನ್ನ ಮ್ಯಾಲ.”

ಹೀಗೆ ಇಆರ್‌ಪಿ ಎಂಬ ಮೂರಕ್ಷರ ನನ್ನ ಹೆಗಲೇರಿತು. ಅದರ ಅರ್ಥ ನಮ್ಮ ಮಾತಿನಲ್ಲಿ ಇಷ್ಟೇ: ಖರೀದಿ, ಸ್ಟಾಕು, ರಿಪೇರಿ, ಬಿಲ್ಲು, ಲೆಕ್ಕಪತ್ರ ಎಲ್ಲ ಒಂದೇ ಸಾಫ್ಟ್‌ವೇರಿನೊಳಗೆ ಇರಬೇಕು. ತಾಂಡೂರಿನಲ್ಲಿ ಮೋಟಾರಿನ ದಂಡಕ್ಕೆ ಹಾಕುವ ಬಳೆಯಂಥ ಬುಷ್ ಒಂದನ್ನು ಮಾರಿದರೆ ಜಹೀರಾಬಾದಿನ ಪರದೆಯಲ್ಲಿ ಆ ಕ್ಷಣವೇ ಒಂದು ಬುಷ್ ಕಡಿಮೆಯಾಗಬೇಕು. ಕೇಳಲಿಕ್ಕೆ ಸುಲಭ. ನಾರಾಯಣಖೇಡದ ಕೌಂಟರಿನಲ್ಲಿ ಕೂರುವ ಹುಡುಗಿಯೂ ಅಲ್ಲಿಯ ಮೆಕ್ಯಾನಿಕ್ಕುಗಳೂ ಮನೆ ನಡೆಸುವುದು ಆ ಅಂಗಡಿಯಿಂದಲೇ ಎಂಬುದು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮೊದಲ ಕೆಲಸ ಹೆಸರಿಡುವುದು. ನಮ್ಮಲ್ಲಿದ್ದ ಪ್ರತಿ ಸಾಮಾನಿಗೂ ಒಂದು ಸಂಕೇತ ಸಂಖ್ಯೆ ಕೊಡಬೇಕಿತ್ತು. ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದ ಸಲಹೆಗಾರರು ತೆಲುಗಿನವರು, ಕೆಲಸದಲ್ಲಿ ಚುರುಕು. ಮೂರೂ ಅಂಗಡಿಗಳಿಂದ ಸಾಮಾನಿನ ಪಟ್ಟಿ ತರಿಸಿ ಒಟ್ಟುಗೂಡಿಸಿದರು. ನೋಡಿದರೆ ನಮ್ಮಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು ಬಗೆಯ ಸಾಮಾನು ಅಲ್ಲಿ ಕಾಣಿಸಿತು! ಪಂಪಿನೊಳಗೆ ತಿರುಗಿ ನೀರನ್ನು ಮೇಲಕ್ಕೆ ತಳ್ಳುವ ಚಕ್ರವನ್ನೇ ತೆಗೆದುಕೊಳ್ಳಿ. ಜಹೀರಾಬಾದಿನಲ್ಲಿ ಅದು ಪಂಖಾ, ನಾರಾಯಣಖೇಡದಲ್ಲಿ ಫ್ಯಾನ್, ತಾಂಡೂರಿನಲ್ಲಿ ಇಂಪೆಲ್ಲರ್. ಒಂದೇ ವಸ್ತು ಮೂರು ಸಾಮಾನಾಗಿ ಕೂತಿತ್ತು. ಹಾಗೇ ಬಿಟ್ಟಿದ್ದರೆ ತಾಂಡೂರಿನಲ್ಲಿ ರಾಶಿ ಬಿದ್ದಿದ್ದರೂ ಜಹೀರಾಬಾದಿನ ಪರದೆ ‘ಪಂಖಾ ಇಲ್ಲ’ ಎಂದುಬಿಡುತ್ತಿತ್ತು.

ಎಲ್ಲರೂ ಒಂದೇ ಹೆಸರು ಹೇಳಬೇಕೆಂದು ಹುಕುಂ ಮಾಡಿ ಎಂದರು ಸಲಹೆಗಾರರು. ಅದು ಆಗದ ಮಾತು. ಕನ್ನಡ, ತೆಲುಗು, ಉರ್ದು, ಅಷ್ಟಿಷ್ಟು ಮರಾಠಿ ಕಲಸಿಕೊಂಡು ಮಾತಾಡುವ ಸೀಮೆ ನಮ್ಮದು. ಗಿರಾಕಿಯ ಬಾಯಿಂದ ಯಾವ ಹೆಸರು ಬರುತ್ತದೋ ಅಂಗಡಿಯವನ ಬಾಯಲ್ಲೂ ಅದೇ. ಆದ್ದರಿಂದ ಸಂಕೇತ ಒಂದೇ ಇಟ್ಟು, ಅದರ ಕೆಳಗೆ ಇರುವಷ್ಟೂ ಹೆಸರು ಸೇರಿಸಿದೆವು. ಪಂಖಾ ಎಂದು ಟೈಪ್ ಮಾಡಿದರೂ ಫ್ಯಾನ್ ಎಂದು ಮಾಡಿದರೂ ಅದೇ ಚಕ್ರ, ಜೊತೆಗೆ ಅದರ ಫೋಟೋ. ಫೋಟೋ ತೆಗೆಯುವ ಕೆಲಸ ನಾನೇ ಮಾಡಿದೆ. ಗ್ರೀಸು ಒರೆಸಿ, ಬಿಳಿ ಬಟ್ಟೆ ಹಾಸಿ, ಪಕ್ಕದಲ್ಲಿ ಅಳತೆಗೆ ಸ್ಕೇಲಿಟ್ಟು ಒಂದೊಂದನ್ನೇ ತೆಗೆದೆ. ಆ ವಾರವಿಡೀ ನನ್ನ ಉಗುರುಸಂದಿಯ ಕಪ್ಪು ಹೋಗಲಿಲ್ಲ.

ಆಮೇಲೆ ಎಣಿಕೆ. ಮೊದಲ ಸಲ ಅಂಗಡಿ ನಡೆಸುತ್ತಲೇ ಎಣಿಸಿದೆವು. ಎಣಿಸಿ ಮುಗಿಸಿದ ಖಾನೆಯಿಂದಲೇ ಯಾರೋ ನಾಲ್ಕು ಬುಷ್ ತೆಗೆದು ಮಾರುತ್ತಿದ್ದರು. ಸಂಜೆಗೆ ಯಾವ ಲೆಕ್ಕವೂ ಕೂಡಲಿಲ್ಲ. ಎರಡನೇ ಸಲ ಕೌಂಟರಿನ ಮೇಲೆ ಒಂದು ಕೆಂಪು ಬುಟ್ಟಿ ಇಟ್ಟೆ. ಎಣಿಸಿ ಮುಗಿಸಿದ ಖಾನೆಯಿಂದ ಏನು ಮಾರಿದರೂ ಅದರ ಚೀಟಿ ಬುಟ್ಟಿಗೆ ಬೀಳಬೇಕು, ಕೊನೆಯಲ್ಲಿ ಅಷ್ಟನ್ನು ಕಳೆಯಬೇಕು. ತಾಮ್ರದ ತಂತಿಯನ್ನು ದಪ್ಪಕ್ಕೆ ತಕ್ಕಂತೆ ಬೇರೆ ಮಾಡಿ ತೂಗಿದೆವು. ಸುರುಳಿಯ ಮರದ ರೀಲಿನ ತೂಕ ಕಳೆಯುವುದನ್ನೂ ಕಲಿತೆವು. ಈ ಸಲ ಲೆಕ್ಕ ಕೂಡಿತು. ಸಲಹೆಗಾರರು ಖುಷಿಯಾಗಿ ಎಲ್ಲರಿಗೂ ಚಹಾ ತರಿಸಿದರು.

ಖುಷಿಯಾಗದಿದ್ದವರು ಒಬ್ಬರೇ, ತಾಂಡೂರಿನ ಕಾಕಾ. ತಾಂಡೂರು ಅಂಗಡಿಯ ಮುಖ್ಯಸ್ಥರು, ಸಾವ್ಕಾರ್ರ ತಂದೆಯ ಕಾಲದಿಂದ ಇದ್ದವರು. ತೊಗರಿ ಬೆಳೆಯುವ ರೈತರಿಂದ ಹಿಡಿದು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳವರೆಗೆ ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ತರಬೇತಿಗೆ ಕರೆದಾಗ ಬಂದರು, ಕಡೆಯ ಕುರ್ಚಿಯಲ್ಲಿ ಕೂತರು, ಮೌಸ್ ಮುಟ್ಟಲಿಲ್ಲ.

“ನನಗ ಯಾಕವಾ ಇದು? ನನ್ನ ಗಿರಾಕಿ ನನ್ನ ಮುಖಾ ನೋಡಿ ಬರ್ತಾನ. ಇದರ ಮುಖಾ ನೋಡಿ ಯಾರ್ ಬರ್ತಾರ?” ಎಂದು ಪರದೆಯತ್ತ ಕೈ ತೋರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವರು ನಗಲಿಲ್ಲ.

ಪ್ರಯೋಗಕ್ಕೆ ನಾರಾಯಣಖೇಡವನ್ನು ಆರಿಸಿಕೊಂಡೆವು. ಸಣ್ಣ ಅಂಗಡಿ, ಕೌಂಟರಿನ ಹುಡುಗಿ ಚೆನ್ನಾಗಿ ಕಲಿತಿದ್ದಳು. ಅಲ್ಲಿ ಸರಿಹೋದರೆ ಎರಡು ವಾರದಲ್ಲೇ ಮೂರೂ ಅಂಗಡಿ ಒಟ್ಟಿಗೆ ಹೊಸದಕ್ಕೆ ಹೊರಳಬೇಕು. ಹೀಗೆ ಹೊರಳುವುದಕ್ಕೆ ಸಾಫ್ಟ್‌ವೇರಿನವರು ಗೋ-ಲೈವ್ ಎನ್ನುತ್ತಾರೆ. ದಿನ ಗೊತ್ತಾಗಿತ್ತು, ಸಾವ್ಕಾರ್ರು ಪೂಜೆಗೂ ಹೇಳಿಬಿಟ್ಟಿದ್ದರು.

ಚಳಿ ಇಳಿಯುತ್ತಿದ್ದ ದಿನಗಳವು. ಆಲೂಗಡ್ಡೆಗೆ ಕೊನೆಯ ನೀರು ಕೊಡುವ ಹೊತ್ತು. ಸಂತೆಯ ದಿನ ಬೆಳಿಗ್ಗೆ ಅಂಗಡಿ ಮುಂದೆ ಆಟೋಗಳಲ್ಲಿ, ಬೈಕಿನ ಹಿಂದೆ ಕಟ್ಟಿಕೊಂಡು ಮೋಟಾರುಗಳು ಬಂದಿಳಿದವು. ಒಂದೊಂದು ಮೋಟಾರ್ ಒಳಗೆ ತೆಗೆದುಕೊಳ್ಳಲಿಕ್ಕೂ ಪರದೆ ಕೇಳುತ್ತಿದ್ದ ಪ್ರಶ್ನೆಗಳು ಮುಗಿಯುತ್ತಲೇ ಇರಲಿಲ್ಲ. ಹೆಸರು, ತಂದೆಯ ಹೆಸರು, ಊರು, ಮಂಡಲ, ಹೊಲದ ಸರ್ವೆ ನಂಬರು, ಕಂಪನಿ, ಮಾಡೆಲ್, ಮೋಟಾರಿನ ಮೇಲಿನ ಕ್ರಮಸಂಖ್ಯೆ. ಒಂದು ಖಾನೆ ಖಾಲಿ ಬಿಟ್ಟರೂ ಮುಂದಿನ ಪುಟಕ್ಕೆ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಬೋರಿನ ನೀರಿನಲ್ಲಿದ್ದು ಬಂದ ಮೋಟಾರಿನ ಮೇಲೆ ಕ್ರಮಸಂಖ್ಯೆ ಎಲ್ಲಿ ಉಳಿದಿರುತ್ತದೆ? ತುಕ್ಕು ಉಜ್ಜಿದರೂ ಏನೂ ಕಾಣುತ್ತಿರಲಿಲ್ಲ.

ಸಾಲು ರಸ್ತೆಗೆ ಬಂತು. “ಏನ್ರಿ ಇದು, ಮೋಟಾರ್ ಕೊಡಾಕ ಬಂದೀವೋ ಲಗ್ನದ ಸಂಬಂಧ ಕೇಳಾಕ ಬಂದೀವೋ?” ಎಂದು ಒಬ್ಬರು ತಮ್ಮ ಮೋಟಾರ್ ಎತ್ತಿಕೊಂಡು ಎದುರಿನ ಅಂಗಡಿಗೆ ನಡೆದರು. ಅವರ ಹಿಂದೆ ಇನ್ನೂ ಕೆಲವರು. ಕೌಂಟರಿನ ಹುಡುಗಿ ಗಾಬರಿಯಾಗಿ ಕ್ರಮಸಂಖ್ಯೆಯ ಖಾನೆಗೆ ಬರೀ ಸೊನ್ನೆ ತುಂಬಿ ಸಾಲು ಸರಿಸತೊಡಗಿದಳು. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಸಾಫ್ಟ್‌ವೇರೂ ಒಪ್ಪಿಕೊಂಡಿತು. ಸೊನ್ನೆಯೂ ಒಂದು ಸಂಖ್ಯೆಯೇ ತಾನೆ?

ಅದರ ಫಲ ಮುಂದಿನ ವಾರದ ಹೊತ್ತಿಗೆ ಬಂತು. ನಾನು ನಾರಾಯಣಖೇಡದ ಅಂಗಡಿಯಲ್ಲೇ ಇದ್ದೆ. ಆಲೂಗಡ್ಡೆ ಬೆಳೆಯುವ ಒಬ್ಬ ರೈತ ಹೆಂಗಸು ಒಳಗೆ ಬಂದು ಕೌಂಟರಿನ ಮುಂದೆ ನಿಂತರು. ಸೀರೆಯ ಅಂಚಿಗೆಲ್ಲ ಒಣಗಿದ ಕೆಸರು.

“ನೀವು ಕೊಟ್ಟಿದ್ದು ನಮ್ಮ ಮೋಟಾರ್ ಅಲ್ಲ,” ಎಂದರು. “ಚೈನ್‌ಪುಲ್ಲಿ ತರ್ಸಿ, ಮಂದಿ ಕರ್ಸಿ, ಎಲ್ಲಾ ಪೈಪ್ ಜೋಡಿಸಿ ಕೆಳಗ ಬಿಟ್ಟೀವಿ. ನೀರು ಬೆರಳಷ್ಟು ಬರ್ತದ. ನಮ್ಮದು ಆಳದ ಬೋರ್. ಇದು ಯಾರ್ದೋ ತಂದು ಕೊಟ್ಟೀರಿ.”

ಅವರು ಹೇಳಿದ್ದು ನಿಜವಾಗಿತ್ತು. ಬೋರು ಆಳವಾದಷ್ಟೂ ಪಂಪಿನೊಳಗೆ ಚಕ್ರಗಳು ಹೆಚ್ಚಿರಬೇಕು. ಅವರಿಗೆ ಹೋಗಿದ್ದುದು ಕಡಿಮೆ ಆಳದ ಬೋರಿನ ಮೋಟಾರ್. ಎರಡಕ್ಕೂ ಒಂದೇ ಬಣ್ಣ, ಪರದೆಯ ಮೇಲೆ ಎರಡಕ್ಕೂ ಸೊನ್ನೆ. ಅವರದು ಇನ್ನಾರದೋ ಹೊಲ ಸೇರಿತ್ತು.

ನಾನು ಕ್ಷಮೆ ಕೇಳಿದೆ. ಅವರು ಕೈ ಅಡ್ಡ ಮಾಡಿದರು. “ಬಾಯಾರ, ತಪ್ಪು ಯಾರಿಗಾದ್ರೂ ಆಗ್ತದ. ಆದ್ರ ಮೊನ್ನಿಂದ ಫೋನ್ ಮಾಡಾಕತ್ತೀನಿ. ನಮ್ಮ ಮೋಟಾರ್ ಎಲ್ಲ್ಯದ ಅಂತ ಕೇಳಿದ್ರ ಇಲ್ಲಿ ಒಬ್ರಿಗೂ ಗೊತ್ತಿಲ್ಲ. ಕಂಪ್ಯೂಟರ್ ತಂದ್ರಿ, ಅಷ್ಟು ಹೇಳಾಕ ಬರಂಗಿಲ್ಲಂದ್ರ ಅದು ಯಾತಕ್ರಿ?”

ಗೋಡೌನಿನಲ್ಲಿದ್ದ ನಮ್ಮದೇ ಒಂದು ಬದಲಿ ಮೋಟಾರ್ ಹೊರತೆಗೆಸಿ ಗಾಡಿಗೆ ಹಾಕಿಸಿದೆ. ಮೆಕ್ಯಾನಿಕ್ಕುಗಳ ಜೊತೆ ನಾನೂ ಅವರ ಹೊಲಕ್ಕೆ ಹೋದೆ. ಬೋರಿನೊಳಗಿನಿಂದ ಪೈಪುಗಳನ್ನು ಒಂದೊಂದಾಗಿ ಎಳೆದು ಮಲಗಿಸುವುದನ್ನು, ಮತ್ತೆ ಜೋಡಿಸಿ ಇಳಿಸುವುದನ್ನು ನೋಡುತ್ತ ಬದುವಿನ ಮೇಲೆ ನಿಂತೆ. ಕತ್ತಲಾಗುವ ಮೊದಲು ನೀರು ತುಂಬಿ ಬಂತು. ಆಲೂ ಸಾಲುಗಳ ನಡುವೆ ಅದು ಹರಿದು ಹೋಗುವುದನ್ನು ನೋಡಿ ನನಗೆ ಸಮಾಧಾನವಾಯಿತು. ಹಿಂದೆಯೇ ಹೆದರಿಕೆಯೂ ಆಯಿತು. ಇನ್ನು ಕೆಲವೇ ದಿನದಲ್ಲಿ ಇದೇ ಗೊಂದಲವನ್ನು ನಾವು ಮೂರೂ ಊರಿಗೆ ಹಂಚಲಿದ್ದೆವು.

ಮರುದಿನ ಜಹೀರಾಬಾದಿನಲ್ಲಿ ಸಭೆ. ಸಾವ್ಕಾರ್ರು, ಸಲಹೆಗಾರರು, ತಾಂಡೂರಿನ ಕಾಕಾ, ನಾನು. ನಡೆದದ್ದನ್ನೆಲ್ಲ ಹೇಳಿದೆ.

ಸಲಹೆಗಾರರು ತೆಲುಗಿನಲ್ಲಿ ಸಮಾಧಾನವಾಗಿಯೇ ಮಾತಾಡಿದರು. ಎಲ್ಲ ಕಡೆಯೂ ಮೊದಲಿಗೆ ಹೀಗೇ ಆಗುತ್ತದೆ, ಜನ ಒಗ್ಗಿಕೊಳ್ಳುತ್ತಾರೆ, ಈಗ ನಿಲ್ಲಿಸಿದರೆ ಮತ್ತೆ ಎಬ್ಬಿಸುವುದು ಕಷ್ಟ ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಿಂತುಹೋಗಿ ಮತ್ತೆ ಏಳದ ಕೆಲಸಗಳನ್ನು ಅವರು ನೋಡಿದ್ದರು.

“ಹಂಗಾರ ಮುಂದಿನ ವಾರ ಪೂಜಿ ಮಾಡಮು,” ಎಂದರು ಸಾವ್ಕಾರ್ರು.

“ಬ್ಯಾಡ್ರಿ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಗೋ-ಲೈವ್ ಮುಂದಕ್ಕೆ ಹಾಕ್ರಿ. ನಾರಾಯಣಖೇಡದಾಗೂ ಇವತ್ತಿಂದ ನಿಂದರ್ಸಮು.”

“ತಂಗೀ, ಬ್ಯಾಸಿಗಿ ಬಾಗಿಲಿಗಿ ಬಂದು ನಿಂತದ!”

“ಅದಕ್ಕ ಹೇಳಾಕತ್ತೀನ್ರಿ. ನಾವು ಇದನ್ನ ಲೆಕ್ಕಪತ್ರದ ಕಡಿಯಿಂದ ಕಟ್ಟೀವಿ. ಬಿಲ್ಲಿಗಿ ಏನ್ ಬೇಕೋ ಅದನ್ನೆಲ್ಲ ಗಿರಾಕಿಗಿ ಬಾಗಿಲದಾಗ ನಿಂದರ್ಸಿ ಕೇಳಾಕತ್ತೀವಿ. ಗಿರಾಕಿ ಏನ್ ಕೇಳ್ತಾನ ಅದು ಮಾತ್ರ ಇದರಾಗ ಇಲ್ಲ. ನಮ್ಮ ಮೋಟಾರ್ ಎಲ್ಲಿಗ್ ಬಂತು ಅಂತ ಕೇಳಿದ್ರ ಉತ್ತರ ಬರ್ಬೇಕು. ಅದು ಮೊದಲು ಆಗ್ಲಿ. ಲೆಕ್ಕಪತ್ರ ಅದರ ಹಿಂದ ಬರ್ತದ.”

ಸಾವ್ಕಾರ್ರ ಮುಖ ಬಿಗಿಯಿತು. ನನ್ನ ಪರ ಬಾಯಿಬಿಟ್ಟವರು ಕಾಕಾ. “ಆಕಿ ಹೇಳೂದು ಖರೇ ಅದ ಸಾವ್ಕಾರ. ದಿನಾ ನನ್ನ ಫೋನ್ ಬಡಕೊಳ್ಳೂದೇ ಆ ಮಾತಿಗಿ.”

“ಹೋಳಿ ಹುಣ್ವಿ ಒಳಗ ನಡೀಬೇಕು,” ಎಂದರು ಸಾವ್ಕಾರ್ರು ನನ್ನತ್ತ ತಿರುಗಿ. “ಆಮ್ಯಾಗ ನಾ ಕೇಳಂಗಿಲ್ಲ.”

ಅಲ್ಲಿಂದ ನಾನು ಮೂರೂ ಅಂಗಡಿಯ ಕೌಂಟರುಗಳ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಜನ ಏನು ಕೇಳುತ್ತಾರೆ ಎಂಬುದನ್ನಷ್ಟೇ ಕಿವಿಗೊಟ್ಟು ಕೇಳಿದೆ. ದರದ ಮಾತು ಕೊನೆಗೆ ಬರುತ್ತಿತ್ತು. ಮೊದಲು ಬರುತ್ತಿದ್ದುದು ಯಾವಾಗ ಸಿಗುತ್ತದೆ, ಎಲ್ಲಿದೆ, ಅಲ್ಲಿಯವರೆಗೆ ಬದಲಿ ಮೋಟಾರ್ ಕೊಡುತ್ತೀರಾ ಎಂಬುದೇ. ಸಲಹೆಗಾರರನ್ನೂ ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅವರೇ ಲ್ಯಾಪ್‌ಟಾಪ್ ತೆರೆದು ತೆಲುಗಿನಲ್ಲಿ, “ಮೊದಲ ಪುಟ ತೆಗೆದುಹಾಕೋಣ ಮೇಡಂ. ಹೊಸದಾಗಿ ಬರೆಯುತ್ತೇನೆ,” ಎಂದರು.

ಮೊದಲ ಪುಟದಲ್ಲಿ ಮೂರೇ ಖಾನೆ ಉಳಿದವು: ಫೋನ್ ನಂಬರು, ಊರು, ಬಿಲ್ಲೆಯ ಸಂಖ್ಯೆ. ಬಿಲ್ಲೆ ಎಂದರೆ ಹಿತ್ತಾಳೆಯದು, ಸಂಖ್ಯೆ ಅಚ್ಚು ಹಾಕಿಸಿದ್ದು. ಜಹೀರಾಬಾದಿನ ಪಾತ್ರೆ ಅಂಗಡಿಯವರಲ್ಲಿ ಮಾಡಿಸಿದೆ. ಮೋಟಾರ್ ಬಾಗಿಲಿಗೆ ಬಂದ ಕೂಡಲೇ ತಂತಿಯಿಂದ ಅದಕ್ಕೊಂದು ಬಿಲ್ಲೆ ಕಟ್ಟಬೇಕು, ಅದೇ ಸಂಖ್ಯೆಯ ಜೋಡಿ ಬಿಲ್ಲೆ ಗಿರಾಕಿಯ ಕೈಗೆ ಕೊಡಬೇಕು. ಮೋಟಾರ್ ಹೊರಗೆ ಹೋಗುವಾಗ ಎರಡೂ ಬಿಲ್ಲೆಯ ಸಂಖ್ಯೆ ಒಂದೇ ಆದರೆ ಮಾತ್ರ ಪರದೆ ‘ಕೊಡಬಹುದು’ ಎನ್ನುತ್ತದೆ. ಕಂಪನಿ, ಮಾಡೆಲ್, ಚಕ್ರ ಎಷ್ಟು, ತಂತಿಯ ದಪ್ಪ ಎಷ್ಟು ಎಂಬುದನ್ನೆಲ್ಲ ವರ್ಕ್‌ಶಾಪಿನಲ್ಲಿ ಮೋಟಾರ್ ಬಿಚ್ಚಿದವರು ತುಂಬುತ್ತಾರೆ. ಅಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಯಾರನ್ನೂ ಕೇಳಬೇಕಿಲ್ಲ.

ಇನ್ನು ಹಂತಗಳು. ಬಂತು, ಗಾಡಿ ಏರಿತು, ಬಿಚ್ಚಿದೆ, ತಂತಿ ಸುತ್ತುತ್ತಿದ್ದಾರೆ, ನೀರಿನ ತೊಟ್ಟಿಯಲ್ಲಿ ಪರೀಕ್ಷೆ ಆಯಿತು, ವಾಪಸ್ ಗಾಡಿ ಏರಿತು. ಒಂದೊಂದು ಹಂತಕ್ಕೂ ವರ್ಕ್‌ಶಾಪಿನವರು ಒಂದು ಗುಂಡಿ ಒತ್ತಿದರೆ ಸಾಕು. ಎಣ್ಣೆಗೈಯಲ್ಲಿ ಒತ್ತಿದರೂ ತಾಕುವಂತೆ ಗುಂಡಿ ದೊಡ್ಡದಿರಲಿ ಎಂದು ಹಟ ಹಿಡಿದೆ. ಕರೆಂಟು ಹೋಗಿ ನೆಟ್ ನಿಂತರೆ? ಬಿಲ್ಲೆ ಕಟ್ಟುವುದು ನಿಲ್ಲುವುದಿಲ್ಲ. ಚೀಟಿಯಲ್ಲಿ ಬರೆದಿಟ್ಟುಕೊಂಡು ಲೈನು ಬಂದ ಮೇಲೆ ತುಂಬುವುದು. ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಬೇಕೆಂದೇ ಮೇನ್ ಸ್ವಿಚ್ ಆರಿಸಿ ಮೂರೂ ಕಡೆ ಮಾಡಿ ನೋಡಿದೆವು.

ಉಳಿದದ್ದು ಕಾಕಾ. ಎಲ್ಲಕ್ಕಿಂತ ಕಷ್ಟದ ಅಂಗಡಿಯಿಂದಲೇ ಶುರು ಮಾಡೋಣ ಎಂದು ಈ ಸಲ ತಾಂಡೂರನ್ನು ಮೊದಲು ಆರಿಸಿದ್ದೆ. ಕಾಕಾ ಒಪ್ಪಿದರೆ ಉಳಿದವರು ತಾವಾಗಿ ಬರುತ್ತಾರೆ ಎಂಬ ನಂಬಿಕೆ. ಅವರ ದುಡ್ಡಿನ ಗಲ್ಲೆಯ ಪಕ್ಕದಲ್ಲೇ ಒಂದು ಪರದೆ ಇರಿಸಿದೆ. “ನೀವು ಏನೂ ತುಂಬೂದು ಬ್ಯಾಡ ಕಾಕಾ. ಬರೇ ನೋಡ್ರಿ,” ಎಂದೆ.

ಅವರು ನೋಡಲಿಲ್ಲ. ಅವರ ರೂಢಿಯ ದಾರಿ ನಡೆದೇ ಇತ್ತು. ಗಿರಾಕಿ ಅವರಿಗೆ ಫೋನ್ ಮಾಡುತ್ತಿದ್ದ, ಅವರು ಜಹೀರಾಬಾದಿನ ವರ್ಕ್‌ಶಾಪಿಗೆ ಮಾಡುತ್ತಿದ್ದರು. ಅಲ್ಲಿ ಯಾರೋ ಕೈಯಲ್ಲಿದ್ದ ಕೆಲಸ ಬಿಟ್ಟು ಮೋಟಾರುಗಳ ನಡುವೆ ಹುಡುಕಿ ಬಂದು ಹೇಳಬೇಕು. ಒಂದು ಮಧ್ಯಾಹ್ನ ಕಲ್ಲು ಪಾಲಿಶ್ ಕಾರ್ಖಾನೆಯ ಮಾಲೀಕರೊಬ್ಬರ ಫೋನು ಬಂತು. ಅವರ ಮೋಟಾರಿಲ್ಲದೆ ಯಂತ್ರಕ್ಕೆ ನೀರಿಲ್ಲ, ಕೆಲಸಗಾರರು ಕೈಕಟ್ಟಿ ಕೂತಿದ್ದಾರೆ. ಕಾಕಾ ವರ್ಕ್‌ಶಾಪಿಗೆ ಮಾಡಿದರು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಆಚೆ ಕಾರ್ಖಾನೆಯವರ ಫೋನು ಮತ್ತೆ ಬಡಿದುಕೊಂಡಿತು.

ಕಾಕಾ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಪರದೆಯತ್ತ ತಿರುಗಿದರು. “ಇದರಾಗ ಹ್ಯಾಂಗ ನೋಡೂದು?” ಎಂದರು ನನ್ನ ಮುಖ ನೋಡದೆ. ಫೋನ್ ನಂಬರು ಒತ್ತಲು ಹೇಳಿದೆ. ಒಂದೇ ಬೆರಳಿನಿಂದ ಒತ್ತಿದರು. ತೊಟ್ಟಿಯಲ್ಲಿ ಪರೀಕ್ಷೆ ಆಯಿತು, ವಾಪಸ್ ಗಾಡಿ ಏರಿತು ಎಂದು ಬಂತು.

ಕಾಕಾ ಫೋನೆತ್ತಿದರು. ದನಿಯೇ ಬೇರೆಯಾಗಿತ್ತು. “ಸೇಠ್, ನಿಮ್ಮ ಮೋಟಾರ್ ಟೆಸ್ಟ್ ಆಗ್ಯಾದ, ಗಾಡಿ ಏರ್ಯಾದ. ಸಂಜಿ ಚಹಾದ ಹೊತ್ತಿಗಿ ಬರ್ತದ. ಹ್ಯಾಂಗ್ ಗೊತ್ತಂದ್ರ? ನಾ ಇಲ್ಲಿ ಕುಂತು ನೋಡಾಕತ್ತೀನಲ್ಲ!”

ಅಂದಿನಿಂದ ಆ ಪರದೆಯ ಮುಂದೆ ಬೇರೆಯವರು ಕೂರಲು ಅವರು ಬಿಡಲಿಲ್ಲ. ಎರಡು ದಿನ ಕಳೆದು ಒಂದು ತಕರಾರು ತಂದರು. “ಇದರಾಗ ಒಂದು ಕಮ್ಮಿ ಅದ ಅವ್ವಾ. ತಡ ಆದ್ರ ಯಾಕ ತಡ ಆತು ಅಂತ ಇಲ್ಲ. ತಡ ಆದ್ರ ಗಿರಾಕಿ ತಡ್ಕೋತಾನ, ಸುಳ್ಳು ಹೇಳಿದ್ರ ತಡ್ಕೊಳ್ಳಂಗಿಲ್ಲ.” ಸಲಹೆಗಾರರು ಕೂಡಲೇ ಒಂದು ಖಾನೆ ಸೇರಿಸಿದರು. ‘ತಡ ಯಾಕೆ’ ಎಂಬುದು ಇಂದಿಗೂ ನಮ್ಮ ಪರದೆಯ ಮೇಲೆ ಕೆಂಪಕ್ಷರದಲ್ಲಿದೆ: ತಂತಿ ಇಲ್ಲ, ಬುಷ್ ಬಂದಿಲ್ಲ, ಕರೆಂಟ್ ಇಲ್ಲ, ಗಾಡಿ ಬಂದಿಲ್ಲ. ನಿಜವಾದ ಕಾರಣ ಹೇಳುವುದು ಎಷ್ಟು ಹಗುರವೆಂದು ನಮ್ಮ ಹುಡುಗರಿಗೆ ಆಗ ಗೊತ್ತಾಯಿತು. ಅದಕ್ಕೆ ಮೊದಲು ಎಲ್ಲದಕ್ಕೂ ‘ನಾಳೆ ಬರ್ರಿ’ ಎಂಬ ಒಂದೇ ಉತ್ತರವಿತ್ತು.

ತಾಂಡೂರಾದ ಮೇಲೆ ಜಹೀರಾಬಾದ್, ಕೊನೆಗೆ ನಾರಾಯಣಖೇಡ. ಹೋಳಿ ಹುಣ್ಣಿಮೆ ಬರುವಷ್ಟರಲ್ಲಿ ಮೂರೂ ಅಂಗಡಿ ಹೊಸದರ ಮೇಲೆ ನಡೆಯುತ್ತಿದ್ದವು. ಸಣ್ಣಪುಟ್ಟ ತೊಡಕು ಬರುತ್ತಲೇ ಇದ್ದವು. ಒಬ್ಬ ಗಿರಾಕಿ ಬಿಲ್ಲೆಯನ್ನು ಎತ್ತಿನ ಕೊರಳಿಗೆ ಕಟ್ಟಿ ಮರೆತ. ವರ್ಕ್‌ಶಾಪಿನಲ್ಲಿ ಒಬ್ಬ ಎಲ್ಲ ಗುಂಡಿಗಳನ್ನೂ ಬೆಳಿಗ್ಗೆಯೇ ಒಟ್ಟಿಗೆ ಒತ್ತಿ ಕೂತುಬಿಟ್ಟಿದ್ದ. ಒಂದು ಗುಂಡಿ ಒತ್ತಿ ಸ್ವಲ್ಪ ಹೊತ್ತಾಗದೆ ಮುಂದಿನದು ಒತ್ತಲು ಬಾರದಂತೆ ಸಲಹೆಗಾರರು ಮಾಡಿಕೊಟ್ಟರು.

ನಿಜವಾದ ಪರೀಕ್ಷೆ ಬೇಸಿಗೆಯ ಬಿಸಿಲು ನೆತ್ತಿಗೇರಿದ ಮೇಲೆ ಬಂತು. ನಾರಾಯಣಖೇಡದ ಸುತ್ತಲಿನ ಹಳ್ಳಿಗಳಲ್ಲಿ ಒಂದು ದಿನ ವೋಲ್ಟೇಜು ವಿಪರೀತ ಏರಿ ಮೋಟಾರುಗಳು ಸಾಲುಸಾಲಾಗಿ ಸುಟ್ಟವು. ಕೌಂಟರಿನ ಹುಡುಗಿ ಫೋನ್ ಮಾಡಿದಳು. ಅವಳ ದನಿಯ ಹಿಂದೆ ಜನರ ಗದ್ದಲ.

“ಅಕ್ಕಾರ, ಬಾಗಿಲ ಮುಂದ ಕಾಲಿಡಾಕ ಜಾಗ ಇಲ್ರಿ. ಎಲ್ಲಾ ಮೋಟಾರಕ್ಕೂ ಬಿಲ್ಲೆ ಕಟ್ಟಾಕತ್ತೀನಿ. ಆದ್ರ ಬದಲಿ ಮೋಟಾರ್ ಖಾಲಿ ಆಗ್ಯಾವ. ಕಬ್ಬಿನವ್ರು ಕೇಳಾಕತ್ತಾರ, ಏನ್ ಹೇಳ್ಲಿ?”

ನಾನು ಉತ್ತರ ಯೋಚಿಸುತ್ತಿರುವಾಗಲೇ ಇನ್ನೊಂದು ಫೋನು ಬಂತು. ಕಾಕಾ.

“ಅವ್ವಾ, ನಾರಾಯಣಖೇಡದ ಬಿಲ್ಲೆ ಒಂದರ ಹಿಂದ ಒಂದು ಏರಾಕತ್ತಾವ, ನಾ ಇಲ್ಲಿ ನೋಡಾಕತ್ತೀನಿ. ನನ್ನ ಕಡಿ ಬದಲಿ ಮೋಟಾರ್ ಕುಂತಾವ. ಆ ಮೋಟಾರಕ್ಕ ಬೇಕಾದ ದಪ್ಪದ ತಂತೀನೂ ನನ್ನ ಕಡೀನೇ ಅದ, ನಿಮ್ಮ ವರ್ಕ್‌ಶಾಪಿನಾಗ ತಳಾ ಕಂಡದ. ಗಾಡಿಗಿ ಹಾಕ್ಸೀನಿ. ನೀ ಹೂಂ ಅಂದ್ರ ಡ್ರೈವರ್ ಬಿಡ್ತಾನ.”

ನಾನು ಯಾರಿಗೂ ಹೇಳಿರಲಿಲ್ಲ, ಯಾರೂ ಅವರನ್ನು ಕೇಳಿರಲಿಲ್ಲ. ಇದೇ ಕಾಕಾ ಹಿಂದೆ ತಮ್ಮ ಅಂಗಡಿಯ ಒಂದು ಬುಷ್ ಕೂಡ ಇನ್ನೊಂದು ಅಂಗಡಿಗೆ ಬಿಡುತ್ತಿರಲಿಲ್ಲ. “ಹೂಂ ಕಾಕಾ,” ಎಂದಷ್ಟೇ ಹೇಳಿದೆ.

ಗಾಡಿ ತಾಂಡೂರಿನಿಂದ ಹೊರಟು ಜಹೀರಾಬಾದಿನಲ್ಲಿ ತಂತಿ ಇಳಿಸಿ ಮುಂದೆ ನಾರಾಯಣಖೇಡಕ್ಕೆ ಹೋಯಿತು. ವರ್ಕ್‌ಶಾಪಿನವರು ಬೆಳೆಯ ಅವಸರ ನೋಡಿ ಸರದಿ ಹಾಕಿದರು. ನೀರಿಲ್ಲದೆ ತಡೆಯದ ತರಕಾರಿ ಮೊದಲು, ನಾಲ್ಕು ದಿನ ತಡೆಯುವ ಕಬ್ಬು ಆಮೇಲೆ. ಕೌಂಟರಿನ ಹುಡುಗಿ ಪ್ರತಿಯೊಬ್ಬರಿಗೂ ಅವರ ಮೋಟಾರ್ ಎಲ್ಲಿದೆ, ಸರದಿ ಯಾವಾಗ ಎಂದು ಪರದೆ ನೋಡಿ ಹೇಳಿದಳು. ಬೇಸರ ಮಾಡಿಕೊಂಡವರಿದ್ದರು, ಆದರೆ ಮೋಟಾರ್ ಎತ್ತಿಕೊಂಡು ರಸ್ತೆ ದಾಟಿದವರಿಲ್ಲ. ಎದುರಿನ ಅಂಗಡಿಯಿಂದಲೇ ಕೆಲವರು ಈ ಕಡೆ ಬಂದರು.

ಬೇಸಿಗೆ ಮುಗಿಯುವ ಹೊತ್ತಿಗೆ ಸಾವ್ಕಾರ್ರು ಪರದೆಯ ಮುಂದೆ ಕೂತು ಮೂರೂ ಊರಿನ ಕೆಲಸವನ್ನು ತಿರುವಿಹಾಕಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ವರ್ಕ್‌ಶಾಪಿಗೆ ಬಂದ ಮೋಟಾರುಗಳಲ್ಲಿ ಹೆಚ್ಚಿನವು ನಾರಾಯಣಖೇಡದವು. ತಡವಾದ ಕಾರಣಗಳಲ್ಲಿ ಹೆಚ್ಚಿನದು ಒಂದೇ, ಜಹೀರಾಬಾದಿಗೆ ಗಾಡಿ ಹೋಗಿಬರುವ ದಾರಿ. ಸಾವ್ಕಾರ್ರು ಕುರ್ಚಿಗೆ ಒರಗಿದರು.

“ಅಂಗಡಿ ಮುಚ್ಚೂದು ಇರ್ಲಿ, ಅಲ್ಲೇ ಒಂದು ವರ್ಕ್‌ಶಾಪ್ ಹಾಕ್ಬೇಕಿತ್ತು ನಾವು,” ಎಂದರು.

“ಹಾಕಮ್ರಿ,” ಎಂದೆ. ಅಷ್ಟರಲ್ಲಿ ಜಾಗ ನೋಡಿಟ್ಟಿದ್ದೆ. ಅಂಗಡಿಯ ಹಿಂದಿನ ಖಾಲಿ ಶೆಡ್ಡು.

ಮಳೆಗಾಲ ಮುಗಿದ ಮೇಲೆ ಅಲ್ಲಿ ತಂತಿ ಸುತ್ತುವ ಮೇಜು ಬಂತು, ನೆಲದಲ್ಲಿ ಪರೀಕ್ಷೆಯ ತೊಟ್ಟಿ ಕಟ್ಟಿದೆವು. ಶುರುವಾದ ದಿನ ಸಾವ್ಕಾರ್ರು, ಕಾಕಾ, ಹೈದರಾಬಾದಿನಿಂದ ಸಲಹೆಗಾರರು, ಎಲ್ಲರೂ ಬಂದಿದ್ದರು. ಬೆಳಿಗ್ಗೆ ಒಬ್ಬ ರೈತ ತಂದುಕೊಟ್ಟು ಹೋದ ಮೋಟಾರ್ ಬಿಚ್ಚಿದರೆ ತಂತಿ ಸುಟ್ಟಿರಲಿಲ್ಲ, ಬುಷ್ ಮಾತ್ರ ಸವೆದಿತ್ತು. ಬುಷ್ ನಮ್ಮ ಖಾನೆಯಲ್ಲೇ ಇತ್ತು. ಹಾಕಿ, ಜೋಡಿಸಿ, ತೊಟ್ಟಿಗೆ ಇಳಿಸಿ ಸ್ವಿಚ್ ಒತ್ತಿದರು. ಪೈಪಿನ ಬಾಯಿಂದ ನೀರು ಚಿಮ್ಮಿ ಶೆಡ್ಡಿನ ತಗಡಿಗೆ ಬಡಿದು ನಮ್ಮೆಲ್ಲರ ಮೇಲೆ ಸುರಿಯಿತು. ಸಾವ್ಕಾರ್ರ ಇಸ್ತ್ರಿ ಅಂಗಿ ತೊಯ್ದು ತೊಪ್ಪೆಯಾಯಿತು. ಕಾಕಾ ಮಕ್ಕಳ ಹಾಗೆ ನಕ್ಕರು.

ಕೌಂಟರಿನ ಹುಡುಗಿ ಗುಂಡಿ ಒತ್ತಿ, ಫೋನಿನ ಸ್ಪೀಕರ್ ಹಾಕಿ ಗಿರಾಕಿಗೆ ಕರೆ ಮಾಡಿದಳು. “ಅಣ್ಣಾರ, ನಿಮ್ಮ ಮೋಟಾರ್ ರೆಡಿ ಆತ್ರಿ. ಬಂದು ಒಯ್ರಿ.”

ಆಚೆ ಕಡೆ ಬಸ್ಸಿನ ಸದ್ದು.

“ಯಾವ ಮೋಟಾರ್? ಈಗ ಮುಂಜಾನಿ ಕೊಟ್ಟಿದ್ದೇನು?”

“ಹೌದ್ರಿ, ಅದೇ.”

“ತಾಯಿ, ನಾ ಇನ್ನಾ ಮನಿಗೇ ಮುಟ್ಟಿಲ್ಲ! ಬಸ್ಸಿನಾಗೇ ಅದೀನಿ!” ಎಂದ ಆತ. ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು ಕೂಗಿದ್ದು ನಮಗೆಲ್ಲ ಕೇಳಿಸಿತು. “ಏ ಡ್ರೈವರಣ್ಣಾ, ನಿಂದರ್ಸೋ! ನಾ ಇಲ್ಲೇ ಇಳಿತೀನಿ!”